ಬ್ರೇಕ್ ವೈರ್ ಹಾಕಿದ ಬೇಸ್ ಗಿಟಾರು

ಆ ಬೇಸ್ ಗಿಟಾರನ್ನು ನಾನು ಮೊದಲು ನೋಡಿದ್ದು ಜಗಳೂರಿನ ಒಂದು ಸೈಕಲ್ ಅಂಗಡಿಯಲ್ಲಿ. ಹಳೆಯ ಟ್ಯೂಬುಗಳ ನಡುವೆ ತಲೆಕೆಳಗಾಗಿ ಮೊಳೆಗೆ ನೇತುಹಾಕಿದ್ದರು. ಮೈತುಂಬ ಧೂಳು, ಗ್ರೀಸು. ಕೆಂಪು ಬಣ್ಣ ಅಲ್ಲಲ್ಲಿ ಎದ್ದು ಒಳಗಿನ ಮರ ಕಾಣುತ್ತಿತ್ತು. ಇದಕ್ಕಾಗಿ ನ್ಯಾಮತಿಯಿಂದ ಬಸ್ಸಿನ ಮೇಲೆ ಬಸ್ಸು ಬದಲಿಸಿಕೊಂಡು ಬಂದೆವಲ್ಲ ಎಂದು ನನಗೆ ತಲೆ ಕೆಟ್ಟುಹೋಯಿತು. ನಮ್ಮ ಮನೆಯವರು ಮಾತ್ರ ಹೆಣ್ಣು ನೋಡಲು ಬಂದವರ ಹಾಗೆ ಬಾಯಿ ಮುಚ್ಚಿಕೊಂಡು, ಕಣ್ಣು ಬಿಟ್ಟುಕೊಂಡು ನಿಂತಿದ್ದರು.

ಅವರಿಗೆ ಈ ಹುಚ್ಚು ಯಾಕೆ ಹಿಡಿಯಿತು ಎಂದು ಹೇಳಬೇಕಾದರೆ ಗಿರಣಿಯಿಂದ ಶುರು ಮಾಡಬೇಕು.

ಎಂಬತ್ತರ ದಶಕದ ಮೊದಲ ವರ್ಷಗಳು. ನ್ಯಾಮತಿ ಆಗ ತಾಲೂಕಾಗಿರಲಿಲ್ಲ, ಹೊನ್ನಾಳಿಗೆ ಸೇರಿದ ಊರು. ಅಲ್ಲಿ ನಮ್ಮದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ. ಸೂರಗೊಂಡನಕೊಪ್ಪದ ಕಡೆಯಿಂದಲೂ ಹೆಂಗಸರು ಜೋಳ, ರಾಗಿ ಹೊತ್ತು ತರುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಬೆಲ್ಟಿನ ಸದ್ದು, ಕಲ್ಲಿನ ಸದ್ದು. ಅದರ ನಡುವೆ ಹುಬ್ಬು ಮೀಸೆ ಬೆಳ್ಳಗೆ ಮಾಡಿಕೊಂಡು ಕೂತ ಈ ಮನುಷ್ಯ ಹಾರ್ಮೋನಿಯಂ ಬಾರಿಸುತ್ತಾರೆ ಎಂದರೆ ಹೊಸಬರು ನಂಬುತ್ತಿರಲಿಲ್ಲ. ಸೋಮವಾರ ಸಂಜೆ ಗಿರಣಿ ಬೇಗ ನಿಲ್ಲಿಸಿ, ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು ಗುಡಿಗೆ ಹೊರಟರೆ ಅವರು ಬೇರೆಯೇ ಮನುಷ್ಯ. ಭಜನೆ ಮೇಳದಲ್ಲಿ ಹಾರ್ಮೋನಿಯಂ ಇವರದೇ. ನನ್ನ ಮದುವೆ ಮಾತಿನ ದಿನ ಹುಡುಗನಿಗೆ ಏನಿದೆ ಎಂದು ನಮ್ಮಪ್ಪ ಕೇಳಿದ್ದಕ್ಕೆ ನಮ್ಮ ಸೋದರಮಾವ, ಗಿರಣಿ ಐತೆ, ಭಜನೆ ಐತೆ ಎಂದಿದ್ದನಂತೆ. ಎರಡನ್ನೂ ಆಸ್ತಿಯ ಲೆಕ್ಕಕ್ಕೇ ಹಿಡಿದಿದ್ದ.

ಕಿವಿ ಮಂದವಾಗುತ್ತಿದೆ ಎಂದು ಮೊದಲು ಗೊತ್ತಾದದ್ದು ನನಗೆ, ಅವರಿಗಲ್ಲ. ಹಾಲಿನವನ ಸೈಕಲ್ ಗಂಟೆ ಕೇಳಲಿಲ್ಲ. ಕುಕ್ಕರಿನ ಸೀಟಿ ಕೇಳಲಿಲ್ಲ. ಮಗಳು ಹೊಸ ಕಾಲ್ಗೆಜ್ಜೆ ಹಾಕಿಕೊಂಡು ಬೆನ್ನ ಹಿಂದೆ ಕುಣಿದರೂ ತಿರುಗಲಿಲ್ಲ. ಲಾರಿ ಹೋದರೆ ಮಾತ್ರ ತಲೆ ಎತ್ತುತ್ತಿದ್ದರು. ನಾನೇ ಹಟ ಹಿಡಿದು ದಾವಣಗೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಿರಣಿಯ ಸದ್ದಿಗೆ ಒಳಗಿನ ನರ ಸವೆದಿದೆ, ಗಂಟೆ, ಗೆಜ್ಜೆಯಂಥ ಸಣ್ಣ ದನಿಗಳು ಮೊದಲು ಹೋಗುತ್ತವೆ, ಹೋದದ್ದು ವಾಪಸ್ ಬರುವುದಿಲ್ಲ ಎಂದರು. ಕಿವಿಗೆ ಹಾಕುವ ಮಿಷನ್ನೂ ಆಯಿತು. ಅದನ್ನು ಹಾಕಿಕೊಂಡರೆ ಗಿರಣಿ ಇನ್ನೂ ಜೋರಾಗಿ ಕೇಳುತ್ತಿತ್ತೇ ಹೊರತು ಬೇರೇನೂ ಕೇಳುತ್ತಿರಲಿಲ್ಲ. ಇವರು ಅದನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟರು.

ಭಜನೆಯಲ್ಲಿ ತಾಳ ಕೇಳದೆ ಇವರ ಹಾರ್ಮೋನಿಯಂ ಮುಂದೆ ಮುಂದೆ ಓಡತೊಡಗಿತು. ನಮ್ಮ ಕಡೆಯ ಜನ ಯಾರನ್ನೂ ಎದುರಿಗೆ ನೋಯಿಸುವವರಲ್ಲ, ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ತೆಗೆಯುತ್ತಾರೆ. ಒಂದು ಸೋಮವಾರ ಇವರು ಹೋಗುವಷ್ಟರಲ್ಲಿ ಹಾರ್ಮೋನಿಯಂ ಬೇರೊಬ್ಬರ ಮುಂದೆ ಇತ್ತು. ಮೇಳದ ಹಿರಿಯರು ಅಡಿಕೆ ವ್ಯಾಪಾರದವರು, ಗಡಿಗೆಯೊಳಗಿಂದ ಬಂದಂಥ ದಪ್ಪ ದನಿ; ಅವರ ಮಾತು ಇವರಿಗೆ ಹೇಗೋ ಕೇಳುತ್ತಿತ್ತು. ಅವರು ಇವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, "ಇಷ್ಟು ವರ್ಷ ನೀವು ಬಾರಿಸಿದ್ರಿ. ಇನ್ನು ಆರಾಮಾಗಿ ಕೂತು ಕೇಳ್ರಿ," ಎಂದರಂತೆ. ಕಿವಿ ಕೇಳದವರಿಗೆ ಕೂತು ಕೇಳಿರಿ ಎಂದು ಹೇಳಿದರೆ ಅವರು ಏನು ಮಾಡಬೇಕು?

ಇವರು ಗುಡಿಗೆ ಹೋಗುವುದನ್ನು ಬಿಟ್ಟರು. ಸೋಮವಾರ ಸಂಜೆಯೂ ಗಿರಣಿ ನಡೆಯತೊಡಗಿತು. ನಿಧಾನಕ್ಕೆ ಮಾತೂ ಬಿಟ್ಟರು. ಗಿರಾಕಿಗಳ ಜೊತೆ ಕೈಸನ್ನೆ, ನಮ್ಮ ಜೊತೆ ತಲೆಯಾಡಿಸುವುದು. ನಾನು ಹೆದರಿದ್ದು ಹೋದ ಕಿವಿಗಲ್ಲ, ಹೋಗುತ್ತಿರುವ ಬಾಯಿಗೆ. ನನ್ನದು ಹುಟ್ಟಾ ಚೂಪು ದನಿ, ಕೋಪ ಬಂದರೆ ಇನ್ನೂ ಚೂಪಾಗುತ್ತದೆ. ನಾನು ಕಿರುಚುತ್ತಿದ್ದೆ. ನಮ್ಮ ಮನೆಯಲ್ಲಿ ಇವತ್ತು ಯಾವ ಸಾರು ಎಂದು ಓಣಿಗೆಲ್ಲ ಗೊತ್ತಾಗುತ್ತಿತ್ತು, ಇವರೊಬ್ಬರಿಗೆ ಗೊತ್ತಾಗುತ್ತಿರಲಿಲ್ಲ. ಹೀಗೇ ಬಿಟ್ಟರೆ ಈ ಮನುಷ್ಯ ನಮ್ಮ ಮನೆಯ ಇನ್ನೊಂದು ಕಂಬವಾಗುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು. ಆ ಭಯ ಯಾರ ಹತ್ತಿರ ಹೇಳಿಕೊಳ್ಳುವುದು?

ಆ ಬೇಸಿಗೆಯಲ್ಲಿ ಜಗಳೂರಿನಲ್ಲಿ ನನ್ನ ತಂಗಿಯ ಮೈದುನನ ಮದುವೆ. ಹುಡುಗನ ಕಡೆಯವರು ಆಸೆಪಟ್ಟು ಆರ್ಕೆಸ್ಟ್ರಾ ಕರೆಸಿದ್ದರು. ಜನರೆಲ್ಲ ಸದ್ದಿಗೆ ಹೆದರಿ ದೂರ ದೂರ ಕೂತರೆ ಇವರು ಮಾತ್ರ ಹೋಗಿ ಸ್ಪೀಕರ್ ಡಬ್ಬಕ್ಕೆ ಅಂಟಿಕೊಂಡು ಕೂತರು. ಮರ್ಯಾದೆ ಹೋಗುತ್ತದೆಂದು ನಾನು ಎಬ್ಬಿಸಲು ಹೋದೆ. ಇವರ ಮುಖ ನೋಡಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ. ವೇದಿಕೆಯ ಮೂಲೆಯಲ್ಲಿ ನಿಂತು ಉದ್ದ ಕತ್ತಿನ ಗಿಟಾರನ್ನು ಮೀಟುತ್ತಿದ್ದವನನ್ನು ತೋರಿಸಿ, ತಮ್ಮ ಎದೆಯ ಮೇಲೆ ಅಂಗೈ ಇಟ್ಟುಕೊಂಡು, "ಅದೊಂದು ಕೇಳ್ತೈತೆ ನಂಗೆ," ಎಂದರು. ಎಷ್ಟೋ ವಾರದ ಮೇಲೆ ಅವರಾಗಿಯೇ ಆಡಿದ ಮೊದಲ ಮಾತು ಅದು.

ಅದು ದಪ್ಪ ದನಿಯ ಬೇಸ್ ಗಿಟಾರಂತೆ. ಊಟದ ಹೊತ್ತಿಗೆ ಅದನ್ನು ಬಾರಿಸಿದವನನ್ನು ಇವರು ಹಿಡಿದು ಕೂರಿಸಿಕೊಂಡರು. ಅವನು ಒಳ್ಳೆಯವನು, ಮೀಟಲು ಕೊಟ್ಟ. ಹೊಸದು ಬೇಕಾದರೆ ಬೆಂಗಳೂರಿಗೇ ಹೋಗಬೇಕು, ಬೆಲೆ ಕೇಳಿದರೆ ನಿಮ್ಮ ಗಿರಣಿಯ ಮೋಟಾರು ಮಾರಬೇಕಾಗುತ್ತದೆ ಎಂದ. ಹಳೆಯದು ಎಲ್ಲಾದರೂ ಸಿಕ್ಕರೆ ಹೇಳುತ್ತೇನೆ ಎಂದು ಮಾತು ಕೊಟ್ಟ, ಮಾತಿನಂತೆ ನಡೆದ. ಕೆಲವು ವಾರಗಳ ಮೇಲೆ ತಂಗಿ ಹೇಳಿಕಳಿಸಿದಳು: ಇಲ್ಲೇ ಒಂದು ಸೈಕಲ್ ಅಂಗಡಿಯಲ್ಲಿ ಐತಂತೆ, ಬಂದು ನೋಡಿ.

ಸೈಕಲ್ ಅಂಗಡಿಯವನ ತಮ್ಮ ಯಾವುದೋ ಆರ್ಕೆಸ್ಟ್ರಾದಲ್ಲಿದ್ದ. ಆರ್ಕೆಸ್ಟ್ರಾ ಒಡೆದು, ತಮ್ಮ ಹೊಲಕ್ಕೆ ಮರಳಿ, ಗಿಟಾರು ಅಣ್ಣನ ಮೊಳೆಗೆ ಬಂದಿತ್ತು. ಅಣ್ಣನಿಗೆ ಸಂಗೀತ ಗೊತ್ತಿಲ್ಲ, ಆದರೆ ಕೈಗೆ ಬಂದದ್ದನ್ನು ರಿಪೇರಿ ಮಾಡದೆ ಬಿಡುವ ಜಾಯಮಾನವಲ್ಲ. ಮೊಳೆಯಿಂದ ಇಳಿಸಿ, ಬನಿಯನ್ ಬಟ್ಟೆಯಲ್ಲಿ ಒರೆಸಿ ನಮ್ಮ ಮುಂದೆ ಇಟ್ಟ.

"ನಮ್ಮ ತಮ್ಮ ಎರಡು ತಂತಿ ಎಲ್ಲೋ ಕಳ್ಕೊಂಡು ಬಂದಿದ್ದ ರೀ. ನಾಲ್ಕೇ ಇದ್ವು. ಗಿಟಾರಿಗೆ ಆರಿರಬೇಕಲ್ಲ? ಇನ್ನೆರಡು ನಾನೇ ಹಾಕ್ಸಿದೀನಿ."

ನೋಡಿದರೆ ಸೈಕಲ್ಲಿನ ಬ್ರೇಕ್ ವೈರ್. ಬಡಿಗನಿಂದ ಗಿಟಾರಿನ ತಲೆಗೆ ಎರಡು ಹೊಸ ತೂತು ಕೊರೆಸಿ, ಮರದ ಬೆಣೆ ಕೂರಿಸಿ, ಒಂದೊಂದಕ್ಕೂ ಬ್ರೇಕ್ ವೈರ್ ಸುತ್ತಿ, ತನ್ನ ಅಂಗಡಿಯ ಪಾನಾದಿಂದ ಸಾಧ್ಯವಾದಷ್ಟೂ ಬಿಗಿದಿದ್ದ. ಆ ಬಿಗಿತಕ್ಕೆ ಗಿಟಾರಿನ ಕತ್ತು ಮುಂದಕ್ಕೆ ಬಾಗಿತ್ತು. ಎರಡು ಬ್ರೇಕ್ ಇದೆ, ಎರಡು ಚಕ್ರ ಹಾಕಿದ್ದರೆ ಸವಾರಿಯೇ ಮಾಡಬಹುದಿತ್ತು ಎಂದು ನನ್ನ ನಾಲಿಗೆಯ ತುದಿಗೆ ಬಂತು. ಇವರು ನನ್ನ ಕಾಲು ತುಳಿದರು. ಬೇಸ್ ಗಿಟಾರಿಗೆ ಇರುವುದೇ ನಾಲ್ಕು ತಂತಿ ಎಂದು ಮದುವೆಯಲ್ಲೇ ಎಣಿಸಿ ಬಂದವರು ಅವರು. ಆದರೂ ಆ ಎರಡು ವೈರುಗಳನ್ನು ಬೆರಳಿನಿಂದ ಮುಟ್ಟಿ, ಕೆಲಸ ಗಟ್ಟಿ ಮಾಡಿದೀರಿ ಎಂದು ಅವನನ್ನು ಹೊಗಳಿದರು. ಅವನ ಮುಖ ಅರಳಿತು. ಹಳೆಯ ಸೈಕಲ್ಲಿನ ಬೆಲೆಗೇ ಕೊಟ್ಟ, ಬ್ರೇಕ್ ವೈರಿಗೆ ಬೇರೆ ಕಾಸು ತೆಗೆದುಕೊಳ್ಳಲಿಲ್ಲ.

ಇವರ ಈ ಗುಣ ನನಗೆ ಮೊದಲಿನಿಂದ ಸಿಟ್ಟು ತರಿಸುವಂಥದ್ದು. ಅದಕ್ಕೇ ಇಷ್ಟವೂ ಕೂಡ.

ಬಸ್ಸಿನಲ್ಲಿ ಗಿಟಾರನ್ನು ದುಪ್ಪಟಿಯಲ್ಲಿ ಸುತ್ತಿ ನಮ್ಮಿಬ್ಬರ ನಡುವೆ ನಿಲ್ಲಿಸಿಕೊಂಡು ಕೂತಿದ್ದೆವು. ಇದೇನಮ್ಮ ಎಂದು ಕಂಡಕ್ಟರ್ ಕೇಳಿದ. ನನ್ನ ಸವತಿ ಎಂದೆ. ಅವನು ಲಗೇಜಿನ ಚೀಟಿ ಹರಿಯಲೋ ಟಿಕೆಟ್ ಹರಿಯಲೋ ತಿಳಿಯದೆ ಹಿಂದಿನ ಸೀಟಿಗೆ ಹೋದ. ಮನೆಗೆ ಬಂದವರೇ ಇವರು ಬ್ರೇಕ್ ವೈರ್ ಬಿಚ್ಚಿದರು. ಅವು ನಮ್ಮ ಸೈಕಲ್ಲಿಗೆ ಹೋದವು, ಬಹಳ ವರ್ಷ ಬಾಳಿಕೆ ಬಂದವು.

ಆಮೇಲೆ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಬಾಗಿದ ಕತ್ತಿಗೆ ಬಾಣಂತಿಯ ಆರೈಕೆ. ಮರಳನ್ನು ಹೆಂಚಿನ ಮೇಲೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಕಾವು ಕೊಡುವುದು. ಆಮೇಲೆ ಹಲಗೆಯ ಮೇಲೆ ಬೋರಲಾಗಿ ಮಲಗಿಸಿ, ಕತ್ತಿನ ಎರಡೂ ತುದಿಗೆ ಬೆಣೆ ಕೊಟ್ಟು, ನಡುವೆ ಸವೆದ ಗಿರಣಿ ಕಲ್ಲಿನ ಒಂದು ಹೋಳು ಹೇರುವುದು. ದಿನಾ ಬೆಳಿಗ್ಗೆ ಎದ್ದು ಒಂದು ಕಣ್ಣು ಮುಚ್ಚಿ ಅದರ ನೇರ ನೋಡುವುದು. ನನಗೆ ಸೊಂಟ ಹಿಡಿದು ಮಲಗಿದಾಗ ಇಷ್ಟು ನೋಡಿರಲಿಲ್ಲ ಈ ಮಹಾರಾಯ. ಬಡಿಗ ಕೊರೆದ ತೂತುಗಳಿಗೆ ಮರದ ಚೂರು ಹೊಡೆದು, ಗೋಂದು ತುಂಬಿ, ಉಜ್ಜಿ ನುಣ್ಣಗೆ ಮಾಡಿದರು. ಉಳಿದ ನಾಲ್ಕು ತಂತಿ ಬೆವರು ಕುಡಿದು ಸತ್ತಿದ್ದವು. ಹೊಸ ತಂತಿ ದಾವಣಗೆರೆಯಲ್ಲೂ ಸಿಗಲಿಲ್ಲ. ಸೋಡಾ ಹಾಕಿ ಕುದಿಸಿದರೆ ಜೀವ ಬರುತ್ತದೆ ಎಂದು ಆ ಮದುವೆಯಲ್ಲಿ ಗಿಟಾರು ಬಾರಿಸಿದವನು ಹೇಳಿದ್ದನಂತೆ. ನಾನು ಇಲ್ಲದ ಹೊತ್ತು ನೋಡಿ ನನ್ನ ಸಾರಿನ ಪಾತ್ರೆಯಲ್ಲೇ ಕುದಿಸಿದರು. ಪಕ್ಕದ ಮನೆಯಾಕೆ ಇಣುಕಿ, ಶಾವಿಗೆ ಬೇಯಿಸ್ತಿದೀರಾ ಎಂದು ಕೇಳಿ ಹೋದಳು. ನಾನು ಆ ಪಾತ್ರೆಯನ್ನು ಅವರಿಗೇ ಕೊಟ್ಟು ಬೇರೆ ತೆಗೆದುಕೊಂಡೆ.

ತಂತಿಯ ಕೆಳಗೆ ಒಂದು ಕರಿ ಪಟ್ಟಿ ಇರುತ್ತದೆ. ಅದರೊಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ತಂತಿಯ ನಡುಕವನ್ನು ಕರೆಂಟು ಮಾಡಿ ಸ್ಪೀಕರಿಗೆ ಕಳಿಸುವುದು ಅದೇ. ಆ ತಾಮ್ರದ ತಂತಿ ಹರಿದಿತ್ತು. ಚನ್ನಗಿರಿಯಲ್ಲಿ ಮೋಟಾರ್ ವೈಂಡಿಂಗ್ ಮಾಡುವವರೊಬ್ಬರು ನಮ್ಮ ಗಿರಣಿಯ ಮೋಟಾರು ಸುಟ್ಟಾಗ ಕಟ್ಟಿಕೊಟ್ಟಿದ್ದರು. ಇಬ್ಬರೂ ಹೋದೆವು. ಅಂಗಡಿಯ ಮುಂದೆ ತ್ಯಾವಣಿಗೆ ಕಡೆಯ ರೈತರ ಪಂಪ್‌ಸೆಟ್ ಮೋಟಾರುಗಳು ಸಾಲಾಗಿ ಕೂತಿದ್ದವು. ವೈಂಡಿಂಗಿನವರು ಆ ಪಟ್ಟಿಯನ್ನು ಅಂಗೈಯಲ್ಲಿಟ್ಟು ನೋಡಿ ನಕ್ಕುಬಿಟ್ಟರು. ನಾನು ಹಗ್ಗ ಹೊಸೆಯೋನು, ನೀವು ಜೇಡರ ಬಲೆ ತಂದೀರಲ್ರೀ ಎಂದರು. ಆದರೆ ಇಲ್ಲ ಎನ್ನಲಿಲ್ಲ. ಕೆಟ್ಟ ಟೆಲಿಫೋನ್ ಗಂಟೆಯೊಂದನ್ನು ಒಡೆದು ಅದರ ಸಣ್ಣ ತಂತಿ ತೆಗೆದರು. ಸುತ್ತಲು ಹೋದರೆ ಅವರ ದಪ್ಪ ಬೆರಳಿಗೆ ಪಟಪಟ ಹರಿಯುತ್ತಿತ್ತು. ಕೊನೆಗೆ ತಂತಿ ಹಿಡಿಯುವ ಕೆಲಸ ನನಗೆ ಬಂತು, ಹೂ ಕಟ್ಟಿದ ಕೈಯಲ್ಲವೇ. ಅವರು ಹಿಡಿಕೆ ತಿರುಗಿಸುವುದು, ನಾನು ಬೆರಳ ನಡುವಿನಿಂದ ತಂತಿ ಬಿಡುವುದು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಇನ್ನು ಉಳಿದದ್ದು ಸ್ಪೀಕರು. ಅದಕ್ಕೆ ಬಲಿಯಾದದ್ದು ನನ್ನ ರೇಡಿಯೋ. ತವರಿನಿಂದ ಬಂದ ಮರದ ಮೈಯ ಹಳೆಯ ವಾಲ್ವ್ ರೇಡಿಯೋ ಅದು, ಹಿಂದೆ ಗ್ರಾಮಫೋನ್ ಜೋಡಿಸಲು ಎರಡು ತೂತಿದ್ದವು. ಹೊನ್ನಾಳಿಯ ರೇಡಿಯೋ ರಿಪೇರಿಯವರು ಆ ತೂತಿಗೆ ಗಿಟಾರಿನ ವೈರ್ ಹೊಂದಿಸಿಕೊಟ್ಟರು. ಒಂದು ಗುಂಡಿ ಈ ಕಡೆ ತಿರುಗಿಸಿದರೆ ಹಾಡು, ಆ ಕಡೆ ತಿರುಗಿಸಿದರೆ ಗಿಟಾರು. ಗುಂಡಿ ಯಾವಾಗಲೂ ಆ ಕಡೆಗೇ ಇರುತ್ತದೆಂದು ನನಗೆ ಗೊತ್ತಿತ್ತು. ಆದರೂ ಹೂಂ ಎಂದೆ.

ಎಲ್ಲ ಸೇರಿಸಿ ಬಾರಿಸಿದ ದಿನ ರೇಡಿಯೋ ಗೋಡೆಯ ಹಲಗೆಯ ಮೇಲಿತ್ತು. ಇವರು ನೆಲದ ಮೇಲೆ ಚಾಪೆ ಹಾಕಿಕೊಂಡು, ಗಿಟಾರನ್ನು ಮಡಿಲಲ್ಲಿಟ್ಟುಕೊಂಡು, ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿದರು. ರೇಡಿಯೋದಿಂದ ಗುಂಯ್ ಎಂದು ತುಂಬು ದನಿ ಬಂತು. ಮಗಳು ಚಪ್ಪಾಳೆ ಹೊಡೆದಳು. ಇವರು ನಮ್ಮ ಮುಖ ನೋಡಿ, ಬಂತಾ ಎಂದು ಕೇಳಿದರು. ನಾವು ತಲೆಯಾಡಿಸಿದೆವು. ಮತ್ತೆ ಮೀಟಿದರು. ಇನ್ನೊಮ್ಮೆ ಮೀಟಿದರು.

"ನಂಗೆ ಬರ್ಲಿಲ್ಲ," ಎಂದರು.

ಗಿಟಾರನ್ನು ಗೋಡೆಗೆ ಒರಗಿಸಿ ಗಿರಣಿಗೆ ಹೋಗಿ ಬೆಲ್ಟ್ ಹಾಕಿದರು. ನಾನು ಒಲೆಯ ಮುಂದೆ ಕೂತು ಅತ್ತೆ. ಆ ಆರ್ಕೆಸ್ಟ್ರಾದ ಸ್ಪೀಕರ್ ಡಬ್ಬ ಆಳೆತ್ತರ ಇತ್ತು, ನಮ್ಮ ರೇಡಿಯೋ ಎಷ್ಟರದು? ಇದು ಮೊದಲೇ ಹೊಳೆಯಬಾರದಿತ್ತೇ ಎಂದು ಅವರ ಮೇಲೆ, ಜಗಳೂರಿನ ಮೇಲೆ, ಚನ್ನಗಿರಿಯ ಮೇಲೆ, ದೇವರ ಮೇಲೆ ಎಲ್ಲರ ಮೇಲೂ ಸಿಟ್ಟು ಬಂತು. ಇವರು ಮತ್ತೆ ಮಾತು ಬಿಟ್ಟರು. ಈ ಸಲ ತಲೆಯಾಡಿಸುವುದೂ ಕಡಿಮೆಯಾಯಿತು.

ಶ್ರಾವಣ ಹತ್ತಿರ ಬಂತು. ಪಂಚಮಿಗೆ ಮನೆ ಸ್ವಚ್ಛ ಮಾಡಬೇಕು. ಜೇಡರ ಬಲೆ ಹೊಡೆಯಲು ಹಲಗೆಯ ಮೇಲಿನ ರೇಡಿಯೋವನ್ನು ಗಿಟಾರಿನ ವೈರ್ ಬಿಚ್ಚದೆಯೇ ಇಳಿಸಿ ಹಿಟ್ಟಿನ ಪೆಟ್ಟಿಗೆಯ ಮೇಲಿಟ್ಟೆ. ಹಿಟ್ಟಿನ ಪೆಟ್ಟಿಗೆ ಎಂದರೆ ಹಲಸಿನ ಮರದ್ದು, ಒಳಗೆ ಒಬ್ಬರು ಕಾಲು ಮಡಿಸಿ ಮಲಗಬಹುದಾದಷ್ಟು ದೊಡ್ಡದು. ಆಗ ಖಾಲಿ ಇತ್ತು. ಅದರ ಇನ್ನೊಂದು ತುದಿಯಲ್ಲಿ ಇವರು ಕೂತು, ಗಿರಣಿ ಕಲ್ಲು ಕೆತ್ತುವ ಉಳಿ ಮಸೆಯುತ್ತಿದ್ದರು. ನಾನು ಹಾಡು ಕೇಳೋಣವೆಂದು ರೇಡಿಯೋ ಹಾಕಿದೆ. ಗುಂಡಿ ಎಂದಿನಂತೆ ಗಿಟಾರಿನ ಕಡೆಗೇ ಇತ್ತು, ಹಾಡು ಬರಲಿಲ್ಲ. ಬೈದುಕೊಳ್ಳುತ್ತಲೇ ಪೊರಕೆ ಎಳೆದೆ, ಅದರ ಕೋಲು ಗೋಡೆಗೊರಗಿದ್ದ ಗಿಟಾರಿನ ತಂತಿಗೆ ತಾಗಿತು.

ಇವರು ಪೆಟ್ಟಿಗೆಯಿಂದ ಧಡಕ್ಕನೆ ಎದ್ದರು.

"ಯಾರು ಬಾರಿಸಿದ್ದು?"

ನಾನು ಪೊರಕೆ ತೋರಿಸಿದೆ. ಇವರು ಮತ್ತೆ ಪೆಟ್ಟಿಗೆಯ ಮೇಲೆ ಕೂತು, ಇನ್ನೊಮ್ಮೆ ಎಂದು ಕೈಸನ್ನೆ ಮಾಡಿದರು. ಮೀಟಿದೆ. ಖಾಲಿ ಪೆಟ್ಟಿಗೆ ಹೊಟ್ಟೆಯೊಳಗಿಂದ ಗುನುಗಿತು, ಕೈಯಿಟ್ಟರೆ ನನಗೂ ನಡುಕ ಸಿಕ್ಕಿತು. ದಪ್ಪ ತಂತಿ ಚೆನ್ನಾಗಿ ಬರುತ್ತದೆ, ಅದರ ಪಕ್ಕದ್ದೂ ಬರುತ್ತದೆ, ಸಣ್ಣದಕ್ಕೆ ಹೋದ ಹಾಗೆ ಮಸುಕಾಗುತ್ತದೆ ಎಂದು ಇವರು ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದರು. ಆ ವರ್ಷ ನಮ್ಮ ಮನೆಯ ಜೇಡ ಅರ್ಧಕ್ಕೇ ನಿಂತಿತು.

ಶ್ರಾವಣದ ಮೊದಲ ಸೋಮವಾರ ಕೈಗಾಡಿಯ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ರೇಡಿಯೋ, ಹಿಂದೆ ಗಿಟಾರು ಹೊತ್ತ ಇವರು, ಅವರ ಹಿಂದೆ ನಾನು. ಗುಡಿಯ ಮುಂದೆ ಮೇಳದ ಹಿರಿಯರು ನೋಡಿ, ಭಜನೆಗೆ ಬಂದ್ರೋ ಸಂತೆಗೆ ಬಂದ್ರೋ ಎಂದು ನಕ್ಕರು. ಆದರೆ ಇವರು ಪೆಟ್ಟಿಗೆಯನ್ನು ಜಮಖಾನದ ಪಕ್ಕ ಇರಿಸಿ ಅದರ ಮೇಲೆ ಕೂರಲು ಹೋದಾಗ ಯಾರೂ ನಗಲಿಲ್ಲ. ಗದ್ದುಗೆಯ ಎದುರು ಎಲ್ಲರೂ ನೆಲಕ್ಕೆ ಕೂರಬೇಕು. ಎಂಥ ಸಾಹುಕಾರ ಬಂದರೂ ಅಷ್ಟೇ, ಮಂಡಿ ನೋವಿನ ಮುದುಕರಿಗೂ ಅಲ್ಲಿ ಮಣೆ ಇಲ್ಲ. ಇವರು ನಿಂತುಕೊಂಡರು. ಪೆಟ್ಟಿಗೆ ಇಲ್ಲದಿದ್ದರೆ ಇವರಿಗೆ ಕೇಳುವುದಿಲ್ಲ, ಪೆಟ್ಟಿಗೆಯ ಮೇಲೆ ಕೂತರೆ ದೇವರಿಗಿಂತ ಎತ್ತರ. ನಾನು ಹೆಂಗಸರ ಸಾಲಿನಲ್ಲಿ ಕೂತು ಸೆರಗು ಹಿಂಡುತ್ತಿದ್ದೆ. ಇವತ್ತು ಈ ಮನುಷ್ಯ ಮನೆಗೆ ವಾಪಸ್ ನಡೆದರೆ ಇನ್ನು ಯಾವತ್ತೂ ಈ ಮೆಟ್ಟಿಲು ಹತ್ತುವುದಿಲ್ಲ.

ಹಿರಿಯರು ಎದ್ದು ಬಂದು ಪೆಟ್ಟಿಗೆಯನ್ನು ಕೈಯಿಂದ ತಟ್ಟಿ ನೋಡಿದರು. ಅದರೊಳಗೆ ಏನೋ ಇದೆಯೆಂಬಂತೆ ಕಿವಿಗೊಟ್ಟರು.

"ಮ್ಯಾಲೆ ಯಾಕೆ ಕೂಡ್ತೀರಿ? ನೆಲಕ್ಕೆ ಕೂಡ್ರಿ, ಬೆನ್ನು ಹಚ್ಚಿ ಕೂಡ್ರಿ," ಎಂದರು.

ಇವರು ಜಮಖಾನದ ಮೇಲೆ ಕೂತು, ಪೆಟ್ಟಿಗೆಗೆ ಬೆನ್ನು ಕೊಟ್ಟು, ದಪ್ಪ ತಂತಿ ಮೀಟಿದರು. ಮುಖ ನೋಡಿದೊಡನೆ ನನಗೆ ತಿಳಿಯಿತು. ಹಿರಿಯರು ಗಿಟಾರಿಗೆ ವಿಭೂತಿ ಹಚ್ಚಿದರು. ಇದೇನು ಆರ್ಕೆಸ್ಟ್ರಾ ಸಾಮಾನು ಎಂದು ಯಾರೋ ಗೊಣಗಿದ್ದಕ್ಕೆ, ಏಕತಾರಿಯ ದೊಡ್ಡಪ್ಪ ಎಂದು ಆ ಮಾತನ್ನು ತಳ್ಳಿಹಾಕಿದರು. ತಾಳ ಹಾಕುವವರು ಯಾರೂ ಹೇಳದೆ ತಮ್ಮ ಜಾಗ ಬಿಟ್ಟು ಇವರ ಕಣ್ಣಿಗೆ ಕೈ ಕಾಣುವಂತೆ ಎದುರಿಗೆ ಬಂದು ಕೂತರು. ಇವರು ಬಾರಿಸಿದ್ದು ಹೆಚ್ಚೇನಿಲ್ಲ. ಷಡ್ಜ, ಪಂಚಮ, ಮತ್ತೆ ಷಡ್ಜ. ಅದರ ಮೇಲೆ ಎಲ್ಲರೂ ಹಾಡಿದರು. ಹಾಡು ಇವರಿಗೆ ಕೇಳಲಿಲ್ಲ, ಹಾಡಿನ ನೆಲ ಕೇಳಿತು. ಮಂಗಳಾರತಿಯ ಹೊತ್ತಿಗೆ ಅಂಗಿಯ ಬೆನ್ನೆಲ್ಲ ಹಿಟ್ಟಾಗಿತ್ತು. ನನಗೆ ನಗುವೂ ಬಂತು, ಅಳುವೂ ಬಂತು.

ಮರುದಿನ ಮಧ್ಯಾಹ್ನ. ಗಿರಣಿ ನಿಂತಿತ್ತು. ಇವರು ನನಗೆ ಬೆನ್ನು ಮಾಡಿ, ಉಳಿ ಹಿಡಿದು ಕಲ್ಲಿನ ಮುಂದೆ ಕೂತಿದ್ದರು. ನಾನು ಕರೆಯಲು ಬಾಯಿ ತೆರೆದವಳು ಸುಮ್ಮನಾದೆ. ದಪ್ಪ ತಂತಿ ಕೇಳುತ್ತದೆ, ಸಣ್ಣದು ಕೇಳುವುದಿಲ್ಲ ಎಂದು ಇವರೇ ಹೇಳಿದ್ದರು. ಹಿರಿಯರ ದನಿಯೂ ಕೇಳುತ್ತದೆ. ಹಾಗಾದರೆ ನಾನು ಇಷ್ಟು ದಿನ ಕಿರುಚಿದಷ್ಟೂ ಅವರಿಂದ ದೂರ ಹೋಗುತ್ತಿದ್ದೆನೇ? ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡೆ. ಹತ್ತಿರ ಹೋಗಿ, ದನಿಯನ್ನು ಹೊಟ್ಟೆಗಿಳಿಸಿ, ನಮ್ಮಪ್ಪ ಮಾತಾಡುತ್ತಿದ್ದ ಹಾಗೆ ದಪ್ಪಗೆ, ನಿಧಾನವಾಗಿ, "ಏನ್ರೀ," ಎಂದೆ.

ಇವರ ಕೈ ನಿಂತಿತು. ತಿರುಗಿ ನನ್ನನ್ನು ನೋಡಿ, ನನ್ನ ಹಿಂದೆ ಯಾರಿದ್ದಾರೆ ಎಂದು ಇಣುಕಿದರು.

"ಯಾರೋ ಗಂಡಸರು ಕರೆದಂಗಾತು."

"ನಾನೇ ರೀ," ಎಂದೆ, ಅದೇ ದನಿಯಲ್ಲಿ.

ಇವರು ನನ್ನ ಬಾಯನ್ನೇ ನೋಡುತ್ತ ಕೂತರು. ಆಮೇಲೆ ಉಳಿ ಕೆಳಗಿಟ್ಟು, ಕಲ್ಲಿನ ಕಡೆಗೆ ತಿರುಗಿ, ಬೇಕೆಂದೇ ನನಗೆ ಬೆನ್ನು ಮಾಡಿ ಕೂತರು.

"ಇನ್ನೊಂದ್ಸಲ ಕರಿ," ಎಂದರು.

ನಾನು ಕರೆದೆ.